ಎರಡನೆಯ ಭೇಟಿ: ಹೆಬ್ಬಾಳದ ಆಸುಪಾಸಿನಲ್ಲಿ ವೈದ್ಯಕೀಯ ಕಾಲೇಜುಗಳ ಸಮುದಾಯ ಆರೋಗ್ಯ ಕಾರ್ಯ

ಭಾನುವಾರ ಬೆಳಿಗ್ಗೆ ಸರ್ಕಾರಿ ಶಾಲೆಯ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ನಾಲ್ಕು ಮೇಜು, ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಬಿಳಿ ಕೋಟು ತೊಟ್ಟ ಹುಡುಗ ಹುಡುಗಿಯರು. ಒಂದು ಮೇಜಿನಲ್ಲಿ ತೂಕ, ಇನ್ನೊಂದರಲ್ಲಿ ಬಿಪಿ, ಮತ್ತೊಂದರಲ್ಲಿ ಬೆರಳಿಗೆ ಸೂಜಿ ಚುಚ್ಚಿ ಶುಗರ್. ಎರಡು ಮನೆಯ ಕೆಲಸ ಮುಗಿಸಿಕೊಂಡು ಓಡಿ ಬಂದ ನಲವತ್ತೈದರ ಹೆಂಗಸಿಗೆ ‘ಬಿಪಿ ಜಾಸ್ತಿ ಇದೆ ಅಮ್ಮ, ಆಸ್ಪತ್ರೆಗೆ ತೋರಿಸಿಕೊಳ್ಳಿ’ ಎಂದು ಚೀಟಿ ಬರೆದುಕೊಡುತ್ತಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಾರೆ. ಕಾಲೇಜಿನ ವಾರ್ಷಿಕ ವರದಿಗೆ ‘ಇಷ್ಟು ಜನರ ತಪಾಸಣೆ’ ಎಂಬ ಒಂದು ಸಾಲು ಸೇರುತ್ತದೆ. ಆ ಹೆಂಗಸು ಆಸ್ಪತ್ರೆಗೆ ಹೋದಳೇ ಎಂಬುದನ್ನು ಬರೆಯಲು ಅದರಲ್ಲಿ ಕಾಲಮ್ಮೇ ಇರುವುದಿಲ್ಲ.

ಯಲಹಂಕದಿಂದ ಯಶವಂತಪುರದವರೆಗೆ ಈ ನೋಟ ಎಲ್ಲರಿಗೂ ಪರಿಚಿತ. ಶಿಬಿರ ನಡೆಸುವವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಪ್ರಶ್ನೆ ವೈದ್ಯಶಾಸ್ತ್ರದ ಒಳಗಿನಿಂದಲೇ ಹುಟ್ಟಿದ್ದು. ರಕ್ತದೊತ್ತಡ 140/90 ದಾಟಿದೆ ಎಂದು ಒಮ್ಮೆ ಕಂಡರೆ ಅದು ಕಾಯಿಲೆಯಲ್ಲ. ಬೇರೆ ಬೇರೆ ದಿನ, ಎರಡು ಅಥವಾ ಹೆಚ್ಚು ಬಾರಿ ಅಳೆದು ಕಂಡರೆ ಮಾತ್ರ ಅದನ್ನು ಅಧಿಕ ರಕ್ತದೊತ್ತಡ ಎನ್ನಬೇಕು. ಸಕ್ಕರೆ ಕಾಯಿಲೆಯದೂ ಹೀಗೆಯೇ. ಅತಿಯಾದ ಬಾಯಾರಿಕೆ, ತೂಕ ಇಳಿಯುವುದು ಮುಂತಾದ ಲಕ್ಷಣ ಇಲ್ಲದವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 126 ಮಿಲಿಗ್ರಾಂ ಮುಟ್ಟಿದರೂ ಇನ್ನೊಂದು ಪರೀಕ್ಷೆ ಅದನ್ನು ಖಚಿತಪಡಿಸಬೇಕು. ಬೆರಳ ತುದಿಯ ಹನಿಯನ್ನು ಅಳೆಯುವ ಗ್ಲುಕೋಮೀಟರು ಸಂಶಯ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು. ಅಂದರೆ ಎರಡನೆಯ ಭೇಟಿ ಎಂಬುದು ಮೊದಲ ಭೇಟಿಯ ಮೇಲೆ ಸೇರಿಸಿದ ಸೌಜನ್ಯವಲ್ಲ. ಅದಿಲ್ಲದೆ ರೋಗನಿರ್ಣಯವೇ ಆಗಿಲ್ಲ. ಒಂದೇ ದಿನದ ಶಿಬಿರ ತಾನು ಹುಡುಕುತ್ತೇನೆಂದ ಕಾಯಿಲೆಯನ್ನು ಹುಡುಕುವ ಮೊದಲೇ ಮುಗಿದುಹೋಗಿರುತ್ತದೆ. ಹೆಬ್ಬಾಳದ ಸುತ್ತ, ಮತ್ತು ಹೆಬ್ಬಾಳದಿಂದ ಉತ್ತರಕ್ಕೆ ಹೋಗುವ ದಾರಿಯಲ್ಲಿ, ಎರಡನೆಯ ಭೇಟಿ ಯಾವ ಯಾವ ವ್ಯವಸ್ಥೆಯಲ್ಲಿ ಸಾಧ್ಯವಾಗಿದೆ ಎಂದು ನೋಡುವುದೇ ಈ ಲೇಖನದ ಕೆಲಸ.

ಈ ನಾಡಿಗೆ ಈ ಯೋಚನೆ ಹೊಸದಲ್ಲ. ಮೈಸೂರು ಸಂಸ್ಥಾನ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆಯಿತು. ಆಸ್ಪತ್ರೆಗೆ ಬಂದವರನ್ನು ನೋಡುವ ಪದ್ಧತಿಯ ಪಕ್ಕದಲ್ಲೇ, ಗೊತ್ತುಮಾಡಿದ ಒಂದು ಪ್ರದೇಶದ ಎಲ್ಲರ ಹೊಣೆ ಹೊರುವ ಪದ್ಧತಿ ಅಲ್ಲಿ ಕಾಲಿಟ್ಟಿತು. 1946ರ ಭೋರ್ ಸಮಿತಿಯ ವರದಿ ವೈದ್ಯ ವಿದ್ಯಾರ್ಥಿಗೆ ರೋಗ ತಡೆಯುವ ಮತ್ತು ಸಾಮಾಜಿಕ ವೈದ್ಯದ ತರಬೇತಿ ಬೇಕೆಂದು ಹೇಳಿತು. ಇಂದಿನ ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ಇರುವ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಬೇರು ಅಲ್ಲಿದೆ. 1979ರಲ್ಲಿ ಆರಂಭವಾದ ಎಂ.ಎಸ್.ರಾಮಯ್ಯ ವೈದ್ಯಕೀಯ ಕಾಲೇಜು ಮತ್ತೀಕೆರೆಯ ಪಕ್ಕದಲ್ಲಿದ್ದರೂ ಅದರ ವಿದ್ಯಾರ್ಥಿಗಳು ಹಳ್ಳಿಯ ಪಾಠಕ್ಕೆ ಕೈವಾರಕ್ಕೆ ಹೋಗುವುದು ಇದೇ ಪರಂಪರೆಯಿಂದ.

ಆದರೆ ಈ ಪರಂಪರೆಯಲ್ಲಿ ನಾನು ಮತ್ತೆ ಮತ್ತೆ ಮರಳಿ ನೋಡುವ ಊರು ಮಳ್ಳೂರು. ಶಿಡ್ಲಘಟ್ಟ ತಾಲ್ಲೂಕಿನ ಈ ಹಳ್ಳಿಯಲ್ಲಿ 1973ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಮತ್ತು ಊರಿನ ಹಾಲು ಉತ್ಪಾದಕರ ಸಹಕಾರ ಸಂಘ ಸೇರಿ ಆರೋಗ್ಯ ಸಹಕಾರಿಯೊಂದನ್ನು ಕಟ್ಟಿದವು. ಡೇರಿಗೆ ಹಾಕಿದ ಹಾಲಿನ ಪ್ರತಿ ಲೀಟರಿಗೆ ಇಷ್ಟು ಪೈಸೆ ಎಂದು ಮುರಿದುಕೊಂಡು, ಆ ಹಣದಿಂದ ಊರಲ್ಲೇ ಚಿಕಿತ್ಸೆಯ ಏರ್ಪಾಡು ನಡೆಸುವುದು ಯೋಜನೆ. ಇದನ್ನು ಸಾಮಾನ್ಯವಾಗಿ ಹಣ ಹೊಂದಿಸಿದ ಜಾಣತನದ ಉದಾಹರಣೆಯಾಗಿ ಹೇಳುತ್ತಾರೆ. ಅದು ನಿಜವೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಡೇರಿಯ ದಿನಚರಿ. ಹಾಲು ಹಾಕುವ ಮನೆಯವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕ್ಯಾನು ಹಿಡಿದು ಅದೇ ಕಟ್ಟೆಗೆ ಬರುತ್ತಾರೆ. ಅವರ ಹೆಸರಿನ ಮುಂದೆ ಪಾಸ್‌ಬುಕ್ಕಿನಲ್ಲಿ ದಿನವೂ ಒಂದು ಅಂಕಿ ಬೀಳುತ್ತದೆ. ಯಾರು ನಾಲ್ಕು ದಿನದಿಂದ ಬಂದಿಲ್ಲ ಎಂಬುದು ಊರಿಗೇ ಗೊತ್ತು. ಅಂಥ ಕಡೆ ಕೆಮ್ಮಿನವನನ್ನೋ ಬಸುರಿಯನ್ನೋ ಮರಳಿ ಕಾಣಲು ಬೇರೆ ವ್ಯವಸ್ಥೆ ಬೇಕಿಲ್ಲ. ಹಾಲಿನ ಲೆಕ್ಕ ನಡೆಯುವ ಊರಿನಲ್ಲಿ ಎರಡನೆಯ ಭೇಟಿ ಆಗಲೇ ಇತ್ತು. ಕಾಲೇಜು ಅದರೊಳಗೆ ಹೋಗಿ ಕೂತಿತು. ಇದು ನನ್ನ ಓದು. ಆದರೆ ಮಳ್ಳೂರಿನ ಮಾದರಿಯನ್ನು ನಗರಕ್ಕೆ ಒಯ್ಯಲು ಯೋಚಿಸುವವರು ಹಣದ ಪ್ರಶ್ನೆಗಿಂತ ಮೊದಲು ಇದನ್ನು ಕೇಳಿಕೊಳ್ಳಬೇಕು: ನಗರದ ಬಡಾವಣೆಯಲ್ಲಿ ಎಲ್ಲರೂ ಮತ್ತೆ ಮತ್ತೆ ಬಂದು ನಿಲ್ಲುವ ಡೇರಿಯ ಕಟ್ಟೆ ಯಾವುದು?

ಅದೇ 1973ರಲ್ಲಿ ಹೆಬ್ಬಾಳದಲ್ಲಿ, ಬಳ್ಳಾರಿ ರಸ್ತೆಯ ಮೇಲೆ, 80 ಹಾಸಿಗೆಯ ಬ್ಯಾಪ್ಟಿಸ್ಟ್ ಆಸ್ಪತ್ರೆ ಬಾಗಿಲು ತೆರೆಯಿತು. ಆಗ ಅದು ಊರಾಚೆ. 1989ರಲ್ಲಿ ಅದರ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಕೈಗೆ ಬಂತು. ಆ ಕಾಲೇಜಿನ ಸ್ಥಾಪಕಿ ಐಡಾ ಸ್ಕಡರ್ 20ನೇ ಶತಮಾನದ ಆರಂಭದಲ್ಲಿ ವೆಲ್ಲೂರಿನ ಸುತ್ತಲ ರಸ್ತೆಬದಿಯಲ್ಲಿ, ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ರೋಗಿಗಳನ್ನು ನೋಡುತ್ತಿದ್ದ ಪದ್ಧತಿ ಆ ಕಾಲೇಜಿನ ಸ್ವಭಾವದಲ್ಲೇ ಸೇರಿದೆ. ಗೊತ್ತಾದ ದಿನ, ಗೊತ್ತಾದ ಮರದಡಿ ಗಾಡಿ ಬಂದೇ ಬರುತ್ತದೆ ಎಂಬ ನಂಬಿಕೆಯೇ ಅದರ ಬಲ. ಬ್ಯಾಪ್ಟಿಸ್ಟ್ ಆಸ್ಪತ್ರೆಯ ಸಮುದಾಯ ಆರೋಗ್ಯ ವಿಭಾಗ ಕೆಲಸ ಮಾಡುತ್ತ ಬಂದಿರುವುದು ಒಂದಕ್ಕೊಂದು ಹೋಲದ ಎರಡು ಕಡೆ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ, ಮತ್ತು ದೇವರಜೀವನಹಳ್ಳಿಯ (ಡಿ.ಜೆ.ಹಳ್ಳಿ) ಕೊಳೆಗೇರಿಯಲ್ಲಿ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಕಡೆಯ ಹಳ್ಳಿಗಳು ಹಳ್ಳಿಗಳಾಗಿ ಉಳಿದಿಲ್ಲ. ಡಿ.ಜೆ.ಹಳ್ಳಿಯಲ್ಲಿ ಉರ್ದು, ತಮಿಳು, ಕನ್ನಡ ಒಂದೇ ಓಣಿಯಲ್ಲಿ ಕೇಳುತ್ತವೆ. ಅಲ್ಲಿ ಬಾಡಿಗೆ ಹೆಚ್ಚಾದರೆ ಮನೆ ಬದಲಾಗುತ್ತದೆ.

ಈ ಆಸ್ಪತ್ರೆಯ ಕೆಲಸದಲ್ಲಿ ಉಪಶಾಮಕ ಆರೈಕೆಯ ಮನೆಭೇಟಿಯನ್ನು ಪ್ರತ್ಯೇಕವಾಗಿ ಗಮನಿಸಬೇಕು. ಗುಣವಾಗದ ಕ್ಯಾನ್ಸರಿನ ರೋಗಿಯ ಮನೆಗೆ ದಾದಿ ಮತ್ತು ವೈದ್ಯರು ಹೋಗುತ್ತಾರೆ. ಹುಣ್ಣು ತೊಳೆಯುತ್ತಾರೆ, ನೋವಿನ ಮಾತ್ರೆಯ ಪ್ರಮಾಣ ಸರಿಮಾಡುತ್ತಾರೆ, ಆರೈಕೆ ಮಾಡಿ ಸೋತ ಮಗಳ ಪಕ್ಕ ಕೂತುಕೊಳ್ಳುತ್ತಾರೆ. ಇಲ್ಲಿ ಒಂದೇ ಭೇಟಿಯ ಮಾತೇ ಇಲ್ಲ. ‘ಮತ್ತೆ ಯಾವಾಗ ಬರ್ತೀರಿ?’ ಎಂಬ ಮನೆಯವರ ಪ್ರಶ್ನೆಗೆ ಒಂದು ವಾರ, ಒಂದು ದಿನ ಹೇಳಿ ಬರಬೇಕು. ಮರುಭೇಟಿಯನ್ನು ಕಲಿಸುವುದಕ್ಕೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಶಾಲೆ ನನಗೆ ಕಂಡಿಲ್ಲ. ಗುಣಪಡಿಸುವ ಆಸೆ ಬಿಟ್ಟಲ್ಲಿ ವೈದ್ಯ ಎಷ್ಟು ಕೆಲಸಕ್ಕೆ ಬರುತ್ತಾನೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಡಿ.ಜೆ.ಹಳ್ಳಿಗೆ ಅಂಟಿಕೊಂಡಿರುವುದು ಕಾಡುಗೊಂಡನಹಳ್ಳಿ. ಇಲ್ಲಿ 2009ರಿಂದ ಕೆಲಸ ಮಾಡಿದ್ದು ವೈದ್ಯಕೀಯ ಕಾಲೇಜಲ್ಲ, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್. ಆದರೂ ಅದು ಕೊಟ್ಟ ಅಂಕಿಗಳಿಲ್ಲದೆ ಈ ಚರ್ಚೆ ಮುಂದೆ ಹೋಗದು. ಮಾಹಿತಿ ಕೊಟ್ಟ 9,299 ಮನೆಗಳಲ್ಲಿ 3,202 ಮನೆಗಳವರು ದೀರ್ಘಕಾಲದ ಕಾಯಿಲೆ ಇದೆ ಎಂದರು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಮನೆಗಳಲ್ಲಿ ಶೇ 69.6ರಷ್ಟು ಹೊರರೋಗಿ ಚಿಕಿತ್ಸೆಗೆ ಕೈಯಿಂದ ಹಣ ಕೊಟ್ಟವು. ಶೇ 16ರಷ್ಟು ಮನೆಗಳು ಆದಾಯದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಇದಕ್ಕೇ ಸುರಿದವು. ಒಂದು ತಿಂಗಳ ಈ ಖರ್ಚಿನಿಂದ ಬಡತನ ರೇಖೆಯ ಕೆಳಗಿನವರ ಸಂಖ್ಯೆ ಎರಡರಷ್ಟಾಯಿತು.

ಈ ಅಂಕಿಗಳನ್ನು ಶಿಬಿರದ ಚೀಟಿಯ ಪಕ್ಕದಲ್ಲಿಟ್ಟು ಓದಬೇಕು. ಹಾಸಿಗೆ ಹಿಡಿಸುವ ದೊಡ್ಡ ಆಪರೇಷನ್ನಿನ ಖರ್ಚಲ್ಲ ಇದು. ತಿಂಗಳು ತಿಂಗಳು ಮುಗಿಯುವ ಮಾತ್ರೆಯ ಖರ್ಚು, ಕ್ಲಿನಿಕ್ಕಿನ ಫೀಜು, ಲ್ಯಾಬಿನ ಬಿಲ್ಲು. ಆಸ್ಪತ್ರೆ ಹಾಸಿಗೆಗೆ ಸೇರಿದರೆ ಬರುವ ವಿಮೆ ಇದಕ್ಕೆ ಒದಗುವುದಿಲ್ಲ. ‘ಆಸ್ಪತ್ರೆಗೆ ತೋರಿಸಿಕೊಳ್ಳಿ’ ಎಂಬ ಮೂರು ಸೆಕೆಂಡಿನ ಸಲಹೆ ಒಂದು ಮನೆಗೆ ಎಷ್ಟು ಭಾರ ಎಂದು ವಿದ್ಯಾರ್ಥಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಬಿಪಿ ಮಾತ್ರೆ ಅರ್ಧಕ್ಕೆ ಬಿಟ್ಟವಳನ್ನು ‘ಅಶಿಸ್ತು’ ಎಂದು ಕೇಸ್ ಶೀಟಿನಲ್ಲಿ ಬರೆಯುವ ಮುನ್ನ ಅವಳ ಮನೆಯ ಬಾಡಿಗೆ ಎಷ್ಟು, ಮಕ್ಕಳ ಸ್ಕೂಲ್ ಫೀಜು ಯಾವ ತಿಂಗಳು ಎಂದು ಕೇಳುವುದು ಕ್ಲಿನಿಕಲ್ ವಿಷಯವೇ ಹೌದು. ಶಿಬಿರಕ್ಕೆ ಖರ್ಚಾಗುವ ಹಣ ಐವತ್ತು ಮನೆಗೆ ವರ್ಷವಿಡೀ ಮಾತ್ರೆ ಮುಟ್ಟಿಸಲು ಹೋದರೆ ಅದು ಚಿಕ್ಕ ಕೆಲಸವೆಂದು ನಾನು ಒಪ್ಪಲಾರೆ.

ಹಲ್ಲಿನ ವೈದ್ಯರಿಂದಲೂ ಕಲಿಯಬೇಕಾದದ್ದಿದೆ. ಯಶವಂತಪುರದ ಕೆ.ಎಲ್.ಇ. ದಂತ ವೈದ್ಯಕೀಯ ಕಾಲೇಜಿನ ತಜ್ಞರು ಭಾಗವಹಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯ ಕಾರ್ಯಕರ್ತೆಯರು ಮೊಬೈಲಿನಿಂದ ಬಾಯಿಯ ಒಳಗಿನ ಚಿತ್ರ ತೆಗೆದು ಕಳಿಸಿದರು. ದೂರದಲ್ಲಿ ಕೂತ ತಜ್ಞರು ಅದನ್ನು ನೋಡಿದರು. ಹೊಗೆಸೊಪ್ಪು, ಗುಟ್ಕಾ ಅಗಿಯುವವರ ಬಾಯಿಯ ಬಿಳಿ ಮಚ್ಚೆಯ ಚಿತ್ರ ಫೋನಿನಲ್ಲಿ ಉಳಿಯುತ್ತದೆ, ಆರು ತಿಂಗಳ ನಂತರದ ಚಿತ್ರದ ಪಕ್ಕದಲ್ಲಿ ಇಡಬಹುದು. ಭೇಟಿಯಿಂದ ಭೇಟಿಗೆ ದಾಟಿಸುವ ಕುರುಹು ಎಂದರೆ ಇದು.

ಈಗ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕುಟುಂಬ ದತ್ತು ಕಾರ್ಯಕ್ರಮಕ್ಕೆ ಬರುತ್ತೇನೆ. 2022ರಲ್ಲಿ ಶುರುವಾದ ಇದರಲ್ಲಿ ಪ್ರತಿ ಎಂಬಿಬಿಎಸ್ ವಿದ್ಯಾರ್ಥಿ ಮೂರರಿಂದ ಐದು ಕುಟುಂಬಗಳ ಹೊಣೆ ಹೊರುತ್ತಾನೆ. ಓದಿನ ಮೊದಲ ಹಂತದಲ್ಲಿ 27 ಗಂಟೆ, ಎರಡನೆಯದರಲ್ಲಿ 30, ಮೂರನೆಯದರಲ್ಲಿ 21. ಒಟ್ಟು 78 ಗಂಟೆ. ನಮ್ಮ ವೈದ್ಯಕೀಯ ಶಿಕ್ಷಣದಲ್ಲಿ ಅದೇ ಮನೆಗೆ ಮತ್ತೆ ಹೋಗುವುದನ್ನು ಪಠ್ಯಕ್ರಮವಾಗಿ, ಗಂಟೆಗಳ ಲೆಕ್ಕದಲ್ಲಿ ಬರೆದಿಟ್ಟದ್ದು ದೊಡ್ಡ ಸಂಗತಿ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಎರಡು ಆಕ್ಷೇಪಗಳನ್ನೂ ಹೇಳಲೇಬೇಕು. ಕಾರ್ಯಕ್ರಮದ ಕಣ್ಣು ಹಳ್ಳಿಯ ಮೇಲೆ, ವಿಶೇಷವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಗೆ ಬಾರದ ಹಳ್ಳಿಯ ಮೇಲೆ. ಹಾಗಾಗಿ ಉತ್ತರ ಬೆಂಗಳೂರಿನ ವಿದ್ಯಾರ್ಥಿ ಬಸ್ಸು ಹತ್ತಿ ಹೆಬ್ಬಾಳದ ಮೇಲ್ಸೇತುವೆ ದಾಟಿ ಎರಡು ಗಂಟೆ ದೂರ ಹೋಗುತ್ತಾನೆ. ಕಾಲೇಜಿನ ಕಾಂಪೌಂಡಿನ ಆಚೆ, ಗಾರೆ ಕೆಲಸದವರ ಶೆಡ್ಡಿನಲ್ಲಿರುವ ಮನೆ ಅವನ ಪಟ್ಟಿಯಲ್ಲಿಲ್ಲ. ಹೋಗಿಬರುವ ದಾರಿಯೇ ಗಂಟೆಗಳನ್ನು ನುಂಗಿದರೆ ಮನೆಯೊಳಗೆ ಉಳಿಯುವುದು ಎಷ್ಟು ಹೊತ್ತು?

ಎರಡನೆಯದು ಇನ್ನೂ ಮುಖ್ಯ. ಮೂರನೆಯ ಹಂತ ಮುಗಿದ ಮೇಲೆ ಆ ಕುಟುಂಬದ ಕಡತ ಯಾರ ಕೈಯಲ್ಲಿ? ಲಾಗ್‌ಬುಕ್ಕು ವಿದ್ಯಾರ್ಥಿಯದು, ಅಂಕವೂ ಅವನದು. ಅಜ್ಜಿಯ ಶುಗರಿನ ಮೂರು ವರ್ಷದ ಅಂಕಿಗಳು ಮಾತ್ರ ಅಜ್ಜಿಯ ಬಳಿ ಇರಬೇಕಿತ್ತು. ಹೊಸ ಬ್ಯಾಚಿನ ಹುಡುಗಿ ಬಾಗಿಲು ತಟ್ಟಿ ‘ಅಜ್ಜಿ, ಮನೇಲಿ ಎಷ್ಟು ಜನ ಇದ್ದೀರಿ?’ ಎಂದು ಮೊದಲಿನಿಂದ ಶುರುಮಾಡಿದರೆ ಅದು ನಾಲ್ಕನೆಯ ವರ್ಷದ ಮೊದಲ ಭೇಟಿಯಾಗುತ್ತದೆ, ಅಷ್ಟೇ.

ಇದಕ್ಕೆ ಬೇಕಾದ ಡೇರಿಯ ಕಟ್ಟೆ ನಗರದಲ್ಲಿ ಈಗ ಮೂಡುತ್ತಿದೆ ಎಂದು ನನಗನಿಸುತ್ತದೆ. 2022ರ ಡಿಸೆಂಬರಿನಿಂದ ರಾಜ್ಯದಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ಗಳು ತೆರೆಯುತ್ತಿವೆ; ಬೆಂಗಳೂರಿಗೆ ಆಗಿನ ವಾರ್ಡಿಗೊಂದರಂತೆ 243 ಎಂಬುದು ಯೋಜನೆಯಾಗಿತ್ತು. ಅಲ್ಲಿ ಮಾತ್ರೆಗೆ ಹಣ ಕೊಡಬೇಕಿಲ್ಲ. ತಿಂಗಳಿಗೊಮ್ಮೆ ಮಾತ್ರೆ ಮುಗಿದಾಗ ಬಂದೇ ಬರಬೇಕಾದ ಜಾಗ ಅದು, ಹಾಲಿನ ಕ್ಯಾನಿನ ಬದಲು ಖಾಲಿ ಸ್ಟ್ರಿಪ್ಪು ಹಿಡಿದು. ವೈದ್ಯಕೀಯ ಕಾಲೇಜು ತನ್ನ ಪಕ್ಕದ ಎರಡೋ ಮೂರೋ ಕ್ಲಿನಿಕ್‌ಗಳಿಗೆ ತನ್ನ ಇಂಟರ್ನ್‌ಗಳನ್ನೂ ಕುಟುಂಬ ಪಟ್ಟಿಯನ್ನೂ ಜೋಡಿಸಿಬಿಟ್ಟರೆ ಶಿಬಿರದಲ್ಲಿ ಚೀಟಿ ಪಡೆದವರ ಹೆಸರು ಸೋಮವಾರವೇ ಅಲ್ಲಿನ ರಿಜಿಸ್ಟರಿಗೆ ಹೋಗಬಹುದು. ಬಾರದವರ ಮನೆಗೆ ಆಶಾ ಕಾರ್ಯಕರ್ತೆಯ ಜೊತೆ ವಿದ್ಯಾರ್ಥಿ ಹೋಗಬಹುದು.

ಆಗಲೂ ಒಂದು ತೊಡಕು ಉಳಿಯುತ್ತದೆ. ಬಾಡಿಗೆಯ ಓಣಿಗಳಲ್ಲಿ ಮನೆಭೇಟಿಯ ಪುಸ್ತಕ ತೆರೆದರೆ ಎದುರಾಗುವುದು ‘ಮನೆ ಖಾಲಿ’ ಎಂಬ ಎರಡು ಪದ. ಅದನ್ನು ಬರೆದು ಹೆಸರಿನ ಮೇಲೆ ಗೀಟೆಳೆಯುವುದು ರೂಢಿ. ಆ ಎರಡು ಪದದ ಮುಂದೆ ಇನ್ನೊಂದು ಕಾಲಮ್ಮು ಬೇಕು: ಯಾವ ಬಡಾವಣೆಗೆ ಹೋದರು, ಅಲ್ಲಿನ ಕ್ಲಿನಿಕ್ ಯಾವುದು, ಎಷ್ಟು ದಿನದ ಮಾತ್ರೆ ಕೈಯಲ್ಲಿದೆ. ಪಕ್ಕದ ಮನೆಯವರಿಗೆ ಮೊದಲನೆಯದು ಬಹುಪಾಲು ಗೊತ್ತಿರುತ್ತದೆ. ಎರಡನೆಯದನ್ನು ಒಂದು ಫೋನ್ ಕರೆಯಲ್ಲಿ ತಿಳಿಯಬಹುದು. ಮೂರನೆಯದು ಗೊತ್ತಾಗಬೇಕಾದರೆ ಮಾತ್ರ ಹೋದ ತಿಂಗಳು ಯಾರಾದರೂ ಆ ಮನೆಗೆ ಹೋಗಿರಬೇಕು.