ಗೋಧಿಯಿಲ್ಲದ ಬುತ್ತಿ: ಹೊಸ ಪಥ್ಯ, ಹಳೆಯ ಊಟ

ಪುಣೆಯಲ್ಲಿ ಕೆಲಸಕ್ಕೆ ಹೋಗುವ ನಮ್ಮಲ್ಲಿ ಹೆಚ್ಚಿನವರ ಡಬ್ಬಿ ಎಂದರೆ ಚಪಾತಿ, ಪಲ್ಯ. ಬೇಗ ಆಗುತ್ತದೆ, ಮಧ್ಯಾಹ್ನದವರೆಗೆ ಮೆತ್ತಗಿರುತ್ತದೆ, ಚೆಲ್ಲುವ ಭಯವಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ವೈದ್ಯರು ಹೇಳಿದ ದಿನವೇ ಈ ಡಬ್ಬಿ ನಿಂತುಹೋಗುತ್ತದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನಿನಿಂದ ಇಂಥವರ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಜೀವನಪೂರ್ತಿ ಗ್ಲುಟನ್ ಇಲ್ಲದ ಊಟವೇ ಇದಕ್ಕೆ ಚಿಕಿತ್ಸೆ. ನಮ್ಮ ಮನೆಗೂ ಈ ಪಥ್ಯ ಬಂದಾಗ ನಾನು ಇದರ ಹಿನ್ನೆಲೆ ಓದತೊಡಗಿದೆ. "ನಾಳೆ ಡಬ್ಬಿಗೆ ಏನು?" ಎಂಬ ಪ್ರಶ್ನೆಗೆ ಉತ್ತರ ನಮ್ಮ ಊಟದ ಇತಿಹಾಸದಲ್ಲೇ ಸಿಕ್ಕಿತು.

ಹಾಲೆಂಡಿನ ಹಸಿವಿನ ಚಳಿಗಾಲ

ಕಾಯಿಲೆ ಹಳೆಯದು. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದಿಟ್ಟರು. ಗುಣವಾಗುವುದಾದರೆ ಅದು ಆಹಾರದಿಂದಲೇ ಎಂದು ಅವರಿಗೆ ಅನ್ನಿಸಿತ್ತು, ಆದರೆ ಯಾವ ಆಹಾರ ಎಂದು ತಿಳಿದಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. ಕಾರಣ ಬಾಳೆಹಣ್ಣಲ್ಲ, ತಟ್ಟೆಯಲ್ಲಿ ಬ್ರೆಡ್ ಇಲ್ಲದ್ದು. ಅದು ಆಗ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ. ಯುದ್ಧಕ್ಕೆ ಮುಂಚೆಯೇ ಅವರಿಗೆ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಅಲ್ಲಿ ಭೀಕರ ಕ್ಷಾಮ ಬಿತ್ತು, ಬ್ರೆಡ್ ಸಿಗದಾಯಿತು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳ ಹೊಟ್ಟೆ ಮಾತ್ರ ಸುಧಾರಿಸಿತು. ಬ್ರೆಡ್ ಮರಳಿ ಬಂದಾಗ ಕಾಯಿಲೆಯೂ ಮರಳಿತು. 1950ರಲ್ಲಿ ಡಿಕೆ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಇದನ್ನು ದಾಖಲೆ ಸಮೇತ ಮಂಡಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ತೊಂದರೆ ಕೊಡುವುದು ಗ್ಲುಟನ್ ಎಂಬುದು ಖಚಿತವಾಯಿತು.

ನಮ್ಮ ಬುತ್ತಿಯಲ್ಲಿ ಏನಿತ್ತು?

ಯುರೋಪಿನವರು ಬ್ರೆಡ್ಡಿಗೆ ಬದಲಿ ಹುಡುಕಬೇಕಾಯಿತು. ನಮ್ಮ ಕಡೆ ದಿನದ ಊಟದಲ್ಲಿ ಗೋಧಿಯ ಪಾಲೇ ಕಡಿಮೆ ಇತ್ತು. ಉತ್ತರ ಕರ್ನಾಟಕದಲ್ಲಿ ಜೋಳ, ಸಜ್ಜೆ. ದಕ್ಷಿಣದ ಬಯಲಿನಲ್ಲಿ ರಾಗಿ. ಕರಾವಳಿ, ಮಲೆನಾಡಿನಲ್ಲಿ ಅಕ್ಕಿ. ಗೋಧಿ ಇರಲಿಲ್ಲವೆಂದಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಜವೆ ಗೋಧಿ ಬೆಳೆಯುತ್ತಿದ್ದರು, ಹುಗ್ಗಿ, ಮಾದ್ಲಿ ಮಾಡುತ್ತಿದ್ದರು. ಆದರೆ ಅದು ಹೆಚ್ಚಾಗಿ ಹಬ್ಬದ ಅಡುಗೆ. (ಇದೇ ಜವೆ ಗೋಧಿ ಈಗ ಪುಣೆಯ ಅಂಗಡಿಗಳಲ್ಲಿ 'ಖಪ್ಲಿ' ಎಂದು ದುಬಾರಿ ಬೆಲೆಗೆ ಸಿಗುತ್ತದೆ. ಇದೂ ಗೋಧಿಯೇ, ಇದರಲ್ಲೂ ಗ್ಲುಟನ್ ಇದೆ.)

ಬುತ್ತಿ ಎಂಬ ಮಾತಿನಲ್ಲೇ ಪ್ರಯಾಣವಿದೆ, ಹೊಲದ ಕೆಲಸವಿದೆ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದರೆ ಊಟವಾಯಿತು. ಮೊಸರನ್ನಕ್ಕೇ ಆ ಕಡೆ ಮೊಸರು ಬುತ್ತಿ ಎನ್ನುತ್ತಾರೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಕಟ್ಟುವ ಸಜ್ಜೆ ರೊಟ್ಟಿ, ಜೋಳದ ಕಡುಬು, ಭಜ್ಜಿ, ಎಲ್ಲವೂ ಗೋಧಿಯಿಲ್ಲದವು. ಸೊಲ್ಲಾಪುರದ ಕಡಕ್ ಭಾಕ್ರಿಯೂ ಇದೇ ಬಳಗದ್ದು.

ರಾಗಿಗೆ ನಮ್ಮ ಸಾಹಿತ್ಯದಲ್ಲೂ ಜಾಗವಿದೆ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಬಂದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದ ಧಾನ್ಯ ಎಂಬ ರೈತರ ಅನುಭವವೇ ಅಲ್ಲಿ ಕಾವ್ಯವಾಗಿದೆ.

ಗೋಧಿ ಡಬ್ಬಿಗೆ ಬಂದದ್ದು

ಎರಡನೇ ಮಹಾಯುದ್ಧದಲ್ಲಿ ಅಕ್ಕಿಯ ಅಭಾವವಾದಾಗ ರವೆ ಬಳಸಿ ರವೆ ಇಡ್ಲಿ ಮಾಡಿದೆವು ಎಂದು ಬೆಂಗಳೂರಿನ ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. ಇಡ್ಲಿ ಎಂಬ ಹೆಸರಿದ್ದರೂ ಅದು ಗೋಧಿಯದ್ದೇ ಎಂಬುದನ್ನು ಪಥ್ಯದವರು ನೆನಪಿಡಬೇಕು. 1950ರ ದಶಕದಲ್ಲಿ ಪಿ.ಎಲ್. 480 ಒಪ್ಪಂದದಡಿ ಅಮೆರಿಕದ ಗೋಧಿ ಬಂತು, 1960ರ ದಶಕದ ಕೊನೆಗೆ ಹಸಿರು ಕ್ರಾಂತಿ ಬಂತು. ರೇಷನ್ ಅಂಗಡಿಯಲ್ಲಿ ಅಗ್ಗದ ಗೋಧಿ ಸಿಕ್ಕಿತು. ರೊಟ್ಟಿ ಬಡಿಯುವುದಕ್ಕಿಂತ ಚಪಾತಿ ಲಟ್ಟಿಸುವುದು ಸುಲಭವಾಗಿತ್ತು. ಅದೇ ಕಾಲದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿ ತಳಿಗಳನ್ನು ಕೊಟ್ಟರು. ಇಳುವರಿ ಹೆಚ್ಚಿತು, ಆದರೆ ಪೇಟೆಯ ಡಬ್ಬಿಯಲ್ಲಿ ರಾಗಿಗೆ ಜಾಗ ಸಿಗಲಿಲ್ಲ.

ಬೀಸುಕಲ್ಲು ಹೋಗಿ ಗಿರಣಿ ಬಂದದ್ದು ಇನ್ನೊಂದು ಬದಲಾವಣೆ. ನಮ್ಮ ಅಜ್ಜಿಯರಿಗೆ ದೊಡ್ಡ ದುಡಿಮೆ ತಪ್ಪಿತು, ಅದು ಒಳ್ಳೆಯದೇ. ಆದರೆ ಒಬ್ಬರ ಗೋಧಿ ಬೀಸಿದ ಮೇಲೆ ಅದೇ ಕಲ್ಲಿನಲ್ಲಿ ನಮ್ಮ ಜೋಳ ಬೀಸಿದರೆ ಹಿಟ್ಟಿನಲ್ಲಿ ಗೋಧಿ ಸೇರುತ್ತದೆ. ನಮ್ಮ ದೇಶದ ನಿಯಮದಲ್ಲಿ 'ಗ್ಲುಟನ್ ಮುಕ್ತ' ಎನ್ನಲು ಕಿಲೋಗೆ 20 ಮಿಲಿಗ್ರಾಂ ಮಿತಿ ಇದೆ. ಗಿರಣಿಯ ಹಿಟ್ಟು ಆ ಮಿತಿಯನ್ನು ಸುಲಭವಾಗಿ ದಾಟಬಹುದು. ಹಾಗಾಗಿ ಸೀಲಿಯಾಕ್ ಇರುವವರಿಗೆ ಧಾನ್ಯ ಆರಿಸಿ, ಮನೆಯ ಮಿಕ್ಸಿಯಲ್ಲೋ ಸಣ್ಣ ಗಿರಣಿಯಲ್ಲೋ ಬೀಸಿಕೊಳ್ಳುವುದು ಕ್ಷೇಮ.

ಐದು ದಿನದ ಡಬ್ಬಿ

ಸೋಮವಾರ: ಗೊಜ್ಜವಲಕ್ಕಿ, ಹುರಿದ ಶೇಂಗಾ. ರಾತ್ರಿಯೇ ಗೊಜ್ಜು ಮಾಡಿಟ್ಟರೆ ಬೆಳಿಗ್ಗೆ ಕಲಸಿದರಾಯಿತು.
ಮಂಗಳವಾರ: ಕಟಕ ರೊಟ್ಟಿ, ಎಣ್ಣೆಗಾಯಿ, ಮೊಸರು. ರೊಟ್ಟಿ ಭಾನುವಾರವೇ ಮಾಡಿಡಬಹುದು.
ಬುಧವಾರ: ರಾಗಿ ದೋಸೆ, ಕಾಯಿ ಚಟ್ನಿ.
ಗುರುವಾರ: ಅಕ್ಕಿ ರೊಟ್ಟಿ. ಹಿಟ್ಟಿಗೆ ಸ್ವಲ್ಪ ಅನ್ನ, ತುರಿದ ಸೌತೆಕಾಯಿ ಸೇರಿಸಿದರೆ ಮಧ್ಯಾಹ್ನಕ್ಕೂ ಮೆತ್ತಗಿರುತ್ತದೆ.
ಶುಕ್ರವಾರ: ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ.

ಮೂರು ಎಚ್ಚರಿಕೆ. ಡಬ್ಬಿಯ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಲೇಬಲ್ ಓದಿ. ಚಪಾತಿಯ ತವೆ, ಮಣೆ ಬೇರೆ ಇರಲಿ. ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಕೊನೆಯದಾಗಿ, ಗೆಳತಿಯರೇ, ಗೋಧಿ ಎಲ್ಲರಿಗೂ ಶತ್ರುವಲ್ಲ. ತೂಕ ಇಳಿಸಲೆಂದು ಅದನ್ನು ಬಿಡಬೇಕಾಗಿಲ್ಲ. ಆದರೆ ಕಬ್ಬಿಣದ ಮಾತ್ರೆ ತಿಂದರೂ ರಕ್ತಹೀನತೆ ಹೋಗದಿದ್ದರೆ, ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ, ಹೊಟ್ಟೆಯ ತೊಂದರೆ ತಿಂಗಳುಗಟ್ಟಲೆ ಇದ್ದರೆ, ಸೀಲಿಯಾಕ್ ಇರಬಹುದೇ ಎಂದು ವೈದ್ಯರನ್ನು ಕೇಳಿ. ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಕಾಯಿಲೆ ಖಚಿತವಾದರೆ ಹೆದರಬೇಡಿ. ಊರಿನಲ್ಲಿರುವ ಅಮ್ಮನಿಗೋ ಅತ್ತೆಗೋ ಫೋನ್ ಮಾಡಿ, ಅವರ ಕಾಲದಲ್ಲಿ ಹೊಲಕ್ಕೆ ಏನು ಬುತ್ತಿ ಕಟ್ಟುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ಆಫೀಸಿನ ಡಬ್ಬಿಗೆ ಅದಕ್ಕಿಂತ ಒಳ್ಳೆಯ ಪಟ್ಟಿ ಇನ್ನೊಂದಿಲ್ಲ.