ಹಿತ್ತಾಳೆಯ ಹಕ್ಕಲು

ಚರಿತ್ರೆ ಬರೆದವರು ಬಂದೂಕು ಹಿಡಿದವನ ಹೆಸರು ಬರೆದರು. ಬಂದೂಕಿನ ಮುಂದೆ ನಿಂತವನ ಹೆಸರನ್ನು ಅಷ್ಟೋ ಇಷ್ಟೋ ಬರೆದರು. ಗುಂಡು ಹಾರಿದ ಮೇಲೆ ನೆಲಕ್ಕೆ ಬಿದ್ದ ಖಾಲಿ ಕಾಡತೂಸನ್ನು ಬಾಗಿ ಹೆಕ್ಕಿದವನ ಹೆಸರನ್ನು ಯಾರೂ ಬರೆಯಲಿಲ್ಲ. ಆದರೆ ಅವನು ಹೆಕ್ಕಿದ ಹಿತ್ತಾಳೆಯ ಲೆಕ್ಕ ಮಾತ್ರ ಒಂದೂ ಬಿಡದೆ ಇದೆ. ಆಳುವವರು, ಬಿಳಿಯರಾಗಲಿ ನಮ್ಮವರಾಗಲಿ, ಯಾವುದನ್ನು ಎಣಿಸುತ್ತಾರೆ, ಯಾವುದನ್ನು ಎಣಿಸದೆ ಬಿಡುತ್ತಾರೆ? ಇದನ್ನು ತಿಳಿಯಬೇಕಾದರೆ ಆ ಹಿತ್ತಾಳೆಯ ಚಿಪ್ಪಿನಿಂದಲೇ ಶುರು ಮಾಡಬೇಕು.

ಮೊದಲು ಕಾಡತೂಸು ಕಾಗದದ್ದು. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಲಾರೆವು ಎಂದು ಹಟ ಹಿಡಿದದ್ದು ಆ ಕಾಗದದ ಕಾಡತೂಸಿಗೇ. ಆಗ ಗುಂಡು ಹಾರಿದ ಮೇಲೆ ಹೆಕ್ಕಲಿಕ್ಕೆ ಏನೂ ಉಳಿಯುತ್ತಿರಲಿಲ್ಲ. 1866ರ ಸುಮಾರಿಗೆ ಇಂಗ್ಲೆಂಡಿನ ಸ್ನೈಡರ್ ಬಂದೂಕಿನ ಜೊತೆ ಹಿತ್ತಾಳೆಯ ಕಾಡತೂಸು ಬಂತು. ಆಮೇಲೆ ಮಾರ್ಟಿನಿ-ಹೆನ್ರಿ, ಆಮೇಲೆ ತ್ರೀ-ನಾಟ್-ತ್ರೀ. ಹಿತ್ತಾಳೆಯೇ ಯಾಕೆ? ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಬೆರೆತ ಈ ಲೋಹ ಮದ್ದು ಉರಿದಾಗ ಉಬ್ಬಿ, ನಳಿಗೆಯ ಗೋಡೆಗೆ ಒತ್ತಿಕೊಂಡು, ಬೆಂಕಿ-ಹೊಗೆ ಹೊಡೆದವನ ಮುಖಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಗಳಿಗೆ ಕೊಂಚ ಕುಗ್ಗಿ ಸಲೀಸಾಗಿ ಹೊರಗೆ ಬರುತ್ತದೆ. ಬರುವಾಗ ಒಳಗಿನ ಕಾವನ್ನೂ ಹೊತ್ತು ತರುತ್ತದೆ.

ಗುಂಡು ಹೋಯಿತು, ಚಿಪ್ಪು ಉಳಿಯಿತು. ಚಿಪ್ಪಿಗೆ ಬೆಲೆ ಇತ್ತು. ಬೆಲೆಗಿಂತ ಹೆಚ್ಚಾಗಿ ಅದರ ಬಗ್ಗೆ ಭಯ ಇತ್ತು. ಖಾಲಿ ಚಿಪ್ಪಿಗೆ ಹೊಸ ಮದ್ದು, ಹೊಸ ಸೀಸ ತುಂಬಿದರೆ ಅದು ಮತ್ತೆ ಹಾರುತ್ತದೆ. 1878ರ ಆಯುಧ ಕಾಯ್ದೆಯಿಂದ ಪರವಾನಗಿ ಇಲ್ಲದ ಭಾರತೀಯನ ಕೈಯಿಂದ ಬಂದೂಕು ಕಿತ್ತುಕೊಂಡ ಸರ್ಕಾರಕ್ಕೆ ಖಾಲಿ ಚಿಪ್ಪೂ ಅಂಜಿಕೆಯ ವಸ್ತುವೇ.

ಆ ಲೆಕ್ಕ ಎಷ್ಟು ಕರಾರುವಾಕ್ಕು ಎಂಬುದಕ್ಕೆ ಜಲಿಯನ್‌ವಾಲಾಬಾಗ್ ನೋಡಿ. 1919ರ ಏಪ್ರಿಲ್ 13. ಜನರಲ್ ಡೈಯರನ 50 ಬಂದೂಕುಗಳು ಸುಮಾರು ಹತ್ತು ನಿಮಿಷ ಗುಂಡು ಸುರಿಸಿದವು. ಹಾರಿದ ಗುಂಡು 1650 ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆ 1650 ಎಲ್ಲಿಂದ ಬಂತು ಎಂದು ಯಾವ ಮೇಷ್ಟರೂ ಹೇಳಲಿಲ್ಲ. ಸಿಪಾಯಿಗಳು ಹೆಕ್ಕಿ ತಂದ ಖಾಲಿ ಕಾಡತೂಸುಗಳನ್ನು ಎಣಿಸಿದ್ದರಿಂದ ಬಂತು. ಬಂದೂಕಿಗೆ ಸರಾಸರಿ 33. ಹಿತ್ತಾಳೆಯ ಲೆಕ್ಕ ಬಿಡಿ ಬಿಡಿಯಾಗಿ ಸಿಕ್ಕಿತು. ಹೆಣಗಳ ಲೆಕ್ಕ? ಮೂರು ತಿಂಗಳು ಕಳೆದ ಮೇಲೆ, ಜುಲೈನಲ್ಲಿ, ಸತ್ತವರ ಸುದ್ದಿ ಗೊತ್ತಿದ್ದವರು ಬಂದು ತಿಳಿಸಿ ಎಂದು ಅಧಿಕಾರಿಗಳು ಊರವರನ್ನು ಕೇಳಿದರು. ಗುಂಡು ಹೊಡೆದ ಸರ್ಕಾರದ ಮುಂದೆ ಹೋಗಿ ‘ನಮ್ಮಣ್ಣ ಅಲ್ಲಿದ್ದ’ ಎಂದು ಹೇಳುವ ಧೈರ್ಯ ಎಷ್ಟು ಜನಕ್ಕೆ ಇರುತ್ತದೆ? ಕೊನೆಗೆ ಸರ್ಕಾರ 379 ಎಂದು ಬರೆದುಕೊಂಡಿತು. ಆ ಸಂಖ್ಯೆಯನ್ನು ಜನ ಇವತ್ತಿಗೂ ಒಪ್ಪಿಲ್ಲ. ಹಿತ್ತಾಳೆಯ ಸಂಖ್ಯೆಗೆ ಮಾತ್ರ ಯಾರ ತಕರಾರೂ ಇಲ್ಲ.

ನಮ್ಮ ನಾಡಿಗೆ ಬನ್ನಿ. 1938ರ ಏಪ್ರಿಲ್ 25, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥ. ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಎಂದು ಜನ ಹೇಳಿದರು. ಸರ್ಕಾರದ ಕಾಗದ ಅದಕ್ಕಿಂತ ಬಹಳ ಕಡಿಮೆ ಹೇಳಿತು. 1980ರ ಜುಲೈ 21, ನರಗುಂದ-ನವಲಗುಂದ. ಮಲಪ್ರಭೆಯ ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದಾಗ ರೈತರು ಎದ್ದರು. ಗುಂಡು ಹಾರಿತು. ವೀರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಎಂಬ ಹೆಸರುಗಳು ಇವತ್ತೂ ಉಳಿದಿದ್ದರೆ ಅದು ಸರ್ಕಾರದ ರಿಜಿಸ್ಟರಿನಿಂದಲ್ಲ. ವರ್ಷ ವರ್ಷ ಆ ದಿನ ವೀರಗಲ್ಲಿನ ಮುಂದೆ ಸೇರುವ ರೈತರ ಬಾಯಿಂದ ಉಳಿದಿವೆ.

ಈಗ ಬಂದೂಕಿನ ವಿಚಾರ. ತ್ರೀ-ನಾಟ್-ತ್ರೀಯಲ್ಲಿ ಹೊಡೆದವನೇ ಬೋಲ್ಟ್ ಹಿಂದಕ್ಕೆ ಎಳೆಯಬೇಕು. ಖಾಲಿ ಚಿಪ್ಪು ಅವನ ಮೊಣಕೈ ಪಕ್ಕದಲ್ಲೇ ಬೀಳುತ್ತದೆ. 1962ರ ಚೀನಾ ಯುದ್ಧದ ಸೋಲಿನ ನಂತರದ ವರ್ಷಗಳಲ್ಲಿ ನಮ್ಮ ಸೈನ್ಯದ ಕೈಗೆ ಎಸ್‌ಎಲ್‌ಆರ್ ಬಂತು. ಬೆಲ್ಜಿಯಂ ಮೂಲದ ಮಾದರಿ, ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರು. 7.62 ಮಿಲಿಮೀಟರ್, ಮ್ಯಾಗಜೀನಿಗೆ 20 ಗುಂಡು. ಒಂದು ಸಲ ಟ್ರಿಗರ್ ಒತ್ತಿದರೆ ಒಂದು ಗುಂಡು. ಮದ್ದಿನ ಗ್ಯಾಸೇ ಪಿಸ್ಟನ್ ತಳ್ಳಿ, ಚಿಪ್ಪನ್ನು ಹೊರಕ್ಕೆ ಎಸೆದು, ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುತ್ತದೆ. ಬೋಲ್ಟ್ ಎಳೆಯುವ ಕೆಲಸ ಯಂತ್ರಕ್ಕೆ ಹೋಯಿತು. ಚಿಪ್ಪು ಮಾತ್ರ ಬಲಗಡೆ ಮಾರು ದೂರ ಹಾರಿ ಹುಲ್ಲಲ್ಲಿ ಬೀಳತೊಡಗಿತು. ಹೊಡೆಯುವವನ ಶ್ರಮ ಇಳಿಯಿತು, ಹೆಕ್ಕುವವನ ಶ್ರಮ ಏರಿತು. ಎಲ್ಲ ಯಂತ್ರಗಳ ಕತೆಯೂ ಹೀಗೇ ಅಲ್ಲವೇ?

ಗುಬ್ಬಿ, ಕುಣಿಗಲ್ ಕಡೆಯಿಂದ ತುಮಕೂರಿಗೆ ಬಂದು ಹಾಸ್ಟೆಲಿನಲ್ಲಿದ್ದ ನಾವು ಎನ್‌ಸಿಸಿ ಸೇರಿದ್ದು ದೇಶಭಕ್ತಿಗಿಂತ ಮೊದಲು ಬೂಟಿಗೆ, ತಿಂಡಿಗೆ. ಶಿಬಿರದಲ್ಲಿ ಫೈರಿಂಗ್ ದಿನ ಕಲಿತದ್ದು ಗುರಿ ಹಿಡಿಯುವುದನ್ನಷ್ಟೇ ಅಲ್ಲ. ಖಾಲಿ ಚಿಪ್ಪಿಗೆ ಅಲ್ಲಿ ‘ಖೋಕಾ’ ಅಂತಾರೆ. ಐದು ಗುಂಡು ಕೊಟ್ಟರೆ ಐದು ಖೋಕಾ ಹಿಂತಿರುಗಿ ಬರಬೇಕು. ಹಾರದೆ ಉಳಿದ ಗುಂಡಿದ್ದರೆ ಬೇರೆ ಇಡಬೇಕು. ಮಲಗಿ ಹೊಡೆಯುವವನ ಬಲಗಡೆಗೆ ತಾಡಪಾಲು ಹಾಸಿದರೆ ಅರ್ಧ ಕೆಲಸ ಹಗುರ. ಪಕ್ಕದ ಸಾಲಿನವನ ಕತ್ತಿನ ಗುಂಡಿ ಬಿಚ್ಚಿದ್ದರೆ ಕಾದ ಖೋಕಾ ಅಂಗಿಯೊಳಗೆ ಬಿದ್ದು ಸುಡುತ್ತದೆ. ಸುಟ್ಟಿತೆಂದು ರೈಫಲ್ ಹಿಡಿದೇ ಬೆಚ್ಚಿ ತಿರುಗಿದರೆ ಪ್ರಾಣಕ್ಕೇ ಸಂಚಕಾರ. ಫೈರಿಂಗ್ ನಿಂತು, ಎಲ್ಲ ರೈಫಲ್ಲೂ ಖಾಲಿ ಎಂದು ಉಸ್ತಾದರು ನೋಡಿ ಹೇಳುವ ತನಕ ಯಾರೂ ಹೆಕ್ಕಲು ಏಳುವಂತಿಲ್ಲ. ಆಮೇಲೆ ಸಾಲು ಹಿಡಿದು, ಕಣ್ಣು ನೆಲಕ್ಕೆ ನೆಟ್ಟು ನಡೆಯಬೇಕು. ಹಿತ್ತಾಳೆಗೆ ಅಯಸ್ಕಾಂತ ಹತ್ತೋದಿಲ್ಲ. ಬೆನ್ನು ಬಾಗದೆ ಬೇರೆ ದಾರಿ ಇಲ್ಲ. ರಾಗಿ ಕೊಯ್ದ ಹೊಲದಲ್ಲಿ ನಮ್ಮವ್ವಂದಿರು ಹಕ್ಕಲು ತೆನೆ ಆಯ್ದಂತೆಯೇ. ಕೊನೆಗೆ ‘ನನ್ನ ಹತ್ತಿರ ಗುಂಡಾಗಲಿ ಖೋಕಾ ಆಗಲಿ ಇಲ್ಲ’ ಎಂದು ಒಬ್ಬೊಬ್ಬರೂ ಹೇಳಬೇಕು, ಜೇಬು ತೋರಿಸಬೇಕು.

ಒಂದು ದಿನ ಒಂದೇ ಒಂದು ಖೋಕಾ ಕಡಿಮೆ ಬಂತು. ಎಲ್ಲರೂ ಹುಡುಕಿ ಸುಸ್ತಾದ ಮೇಲೆ ಒಬ್ಬರು, ಹೆಸರು ಬೇಡ, ‘ಹಾಸ್ಟೆಲ್ ಹುಡುಗರನ್ನ ಕರೀರಿ, ಅವರಿಗೆ ಬಗ್ಗಿ ಅಭ್ಯಾಸ’ ಅಂದರು. ಮಿಕ್ಕವರು ನೆರಳಿಗೆ ಹೋದರು. ನಾವು ಮಂಡಿಯೂರಿ ಹುಲ್ಲು ಸೀಳಿ ಹುಡುಕಿದೆವು. ಸಿಕ್ಕಿತು. ಲೆಕ್ಕ ಸರಿಹೋಯಿತು. ಕೆಲವು ಗ್ರಾಂ ಹಿತ್ತಾಳೆ ಕಳೆದರೆ ಇಡೀ ಶಿಬಿರ ನಿಲ್ಲುತ್ತದೆ ಎಂಬುದು ತಪ್ಪಲ್ಲ. ಆಯುಧಕ್ಕೆ ಅಂಥ ಲೆಕ್ಕ ಬೇಕೇ ಬೇಕು. ನಮ್ಮ ಪ್ರಶ್ನೆ ಬೇರೆ. ಬಾಗುವುದು ಕೆಲವರಿಗೆ ಮಾತ್ರ ಅಭ್ಯಾಸವಾದದ್ದು ಹೇಗೆ?

ನಮ್ಮ ಸೀಮೆಗೂ ದಂಡಿಗೂ ಹಳೇ ನಂಟು. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಅಶ್ವದಳಕ್ಕೆ ಕುದುರೆ ಬೆಳೆಸಿದ ಜಾಗ ಎಂಬ ಹೆಸರು ಪಡೆದಿದೆ. ತೋಪು ಎಳೆದ ಅಮೃತಮಹಲ್ ದನಗಳಿಗೆ ಈ ಕಡೆಯ ಕಾವಲುಗಳೇ ಹುಲ್ಲುಗಾವಲು. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತು. ತಳಿ ಕುದುರೆಗೆ ಅಪ್ಪ-ಅವ್ವನ ಹೆಸರಿನ ಸಮೇತ ವಂಶಾವಳಿ ಬರೆದಿಡುತ್ತಾರೆ. ಆ ಕುದುರೆಯ ಲದ್ದಿ ಬಾಚಿದವನ ಅಪ್ಪನ ಹೆಸರು ಎಲ್ಲಿ ಬರೆದಿದೆ?

ದಲಿತರು ಬಂದೂಕು ಹಿಡಿಯಲಿಲ್ಲವೇ? ಹಿಡಿದರು. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದರು. 1890ರ ದಶಕದಲ್ಲಿ ಬಿಳಿಯರು ‘ಯೋಧ ಜಾತಿ’ ಎಂಬ ಹೊಸ ಶಾಸ್ತ್ರ ಕಟ್ಟಿ ಮಹಾರರ ಭರ್ತಿ ನಿಲ್ಲಿಸಿದರು. ದೊಡ್ಡ ಯುದ್ಧ ಬಂದು ಆಳು ಸಾಲದಾದಾಗ 1941ರ ಅಕ್ಟೋಬರಿನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಪಡೆ ಕಟ್ಟಿದರು. ಬೇಕಾದಾಗ ಯೋಧ, ಬೇಡವಾದಾಗ ಅಸ್ಪೃಶ್ಯ.

ಹಿತ್ತಾಳೆಗೂ ಜಾತಿ ಇತ್ತು ಎಂಬುದನ್ನು ಮರೆಯಬಾರದು. 1930ರ ಡಿಸೆಂಬರಿನಲ್ಲಿ ತಮಿಳುನಾಡಿನ ರಾಮನಾಡಿನಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರಿಗೆ ಎಂಟು ಕಟ್ಟಳೆ ಹಾಕಿದರು. ಮನೆಯಲ್ಲಿ ಮಣ್ಣಿನ ಪಾತ್ರೆ ಬಿಟ್ಟು ಬೇರೆ ಬಳಸಬಾರದು ಎಂಬುದು ಅವುಗಳಲ್ಲೊಂದು. 1935ರ ನವೆಂಬರಿನಲ್ಲಿ ಅಹಮದಾಬಾದ್ ಜಿಲ್ಲೆಯ ಜಾನು ಎಂಬ ಹಳ್ಳಿಯಲ್ಲಿ ಅಸ್ಪೃಶ್ಯ ಹೆಂಗಸರು ಲೋಹದ ಬಿಂದಿಗೆಯಲ್ಲಿ ನೀರು ತಂದರೆಂದು ಸವರ್ಣೀಯರು ಅವರ ಮೇಲೆ ಬಿದ್ದರು. ಈ ಘಟನೆಯನ್ನು ಅಂಬೇಡ್ಕರರು ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. ಹಿತ್ತಾಳೆಯ ಬಿಂದಿಗೆ ಸೊಂಟದ ಮೇಲಿದ್ದರೆ ಅಪರಾಧ. ಹಿತ್ತಾಳೆಯ ಚಿಪ್ಪು ಧಣಿಗಾಗಿ ನೆಲದಿಂದ ಹೆಕ್ಕಿದರೆ ಕರ್ತವ್ಯ. ಲೋಹ ಒಂದೇ, ಬದಲಾದದ್ದು ನಮ್ಮ ಬೆನ್ನಿನ ಕೋನ.

ಹಳ್ಳಿ ಮೇಷ್ಟರುಗಳಿಗೆ ಒಂದು ಮಾತು. ಫೈರಿಂಗ್ ಜಾಗದ ಆಸುಪಾಸಿನಲ್ಲಿ ಗುಜರಿ ಆಸೆಗೆ ಚಿಪ್ಪು ಆಯಲು ಹೋಗುವ ಮಕ್ಕಳಿರುತ್ತಾರೆ. ಸಿಡಿಯದೆ ಉಳಿದದ್ದನ್ನು ಮುಟ್ಟಬೇಡಿ ಎಂದು ಮೊದಲು ಹೇಳಿ. 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡಿನ ಬಿಡಿಭಾಗವೂ ಮದ್ದುಗುಂಡೇ. ಆದರೆ ಅದೇ ಕಾಯ್ದೆಯ 45(ಡಿ) ಕಲಮು, ಪೂರಕ ಭಾಗಗಳೊಂದಿಗೆ ಸೇರಿಸಿ ಬಳಸುವ ಉದ್ದೇಶವಿಲ್ಲದ ಸಣ್ಣ ಭಾಗಗಳಿಗೆ ವಿನಾಯಿತಿ ಕೊಡುತ್ತದೆ. ಇದು ಗೊತ್ತಿರಲಿ. ಕಾನೂನು ಗೊತ್ತಿಲ್ಲದವನ ಮಗನನ್ನು ಹೆದರಿಸುವುದು ಸುಲಭ.

ಖಾಲಿ ಚಿಪ್ಪು ಸಾಕ್ಷಿಯೂ ಹೌದು. ಪ್ರತಿ ಬಂದೂಕಿನ ಸೂಜಿ ಚಿಪ್ಪಿನ ಬುಡದಲ್ಲಿ ತನ್ನದೇ ಗುರುತು ಒತ್ತುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರ ಕೊಲೆ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಕೊಲೆ. ಎರಡೂ ಕಡೆ ಸಿಕ್ಕ ಗುಂಡು, ಚಿಪ್ಪುಗಳನ್ನು ಹೋಲಿಸಿ ನೋಡಿದ ವಿಧಿವಿಜ್ಞಾನ ಪ್ರಯೋಗಾಲಯ, ಇವು ಒಂದೇ 7.65 ಎಂಎಂ ನಾಡಪಿಸ್ತೂಲಿನವು ಎಂದು ವರದಿ ಕೊಟ್ಟಿತು. ಎರಡು ವರ್ಷ, ಎರಡು ಊರು, ಒಂದೇ ಆಯುಧ. ಇದನ್ನು ಹೇಳಿದ್ದು ನೆಲದಿಂದ ಎತ್ತಿ ಜೋಪಾನ ಮಾಡಿದ ಚೂರು ಲೋಹ.

ಅಂದಮೇಲೆ ಎಣಿಸುವುದು ಈ ದೇಶಕ್ಕೆ ಬಾರದ ವಿದ್ಯೆಯಲ್ಲ. ಮನಸ್ಸಿದ್ದಲ್ಲಿ ಹುಲ್ಲಿನ ಬುಡದ ಖೋಕಾವನ್ನೂ ಎಣಿಸುತ್ತದೆ. ಒಳಚರಂಡಿಗೆ ಇಳಿದು ಉಸಿರು ಕಟ್ಟಿ ಸತ್ತವರನ್ನು ಯಾಕೆ ಎಣಿಸಲಿಲ್ಲ? ಮಲ ಹೊರುವುದನ್ನು ನಿಷೇಧಿಸಿದ ಕಾನೂನು 1993ರಲ್ಲಿ ಬಂತು, ಇನ್ನೊಂದು 2013ರಲ್ಲಿ ಬಂತು. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದ ಹೀಗೆ ಸತ್ತವರೆಲ್ಲರ ಕುಟುಂಬಗಳನ್ನು ಗುರುತಿಸಿ ತಲಾ 10 ಲಕ್ಷ ಕೊಡಿ ಎಂದು ಹೇಳಬೇಕಾಯಿತು. ಇಪ್ಪತ್ತೊಂದು ವರ್ಷಗಳ ಹೆಣಗಳನ್ನು ಎಣಿಸಿ ಎಂದು ಕೋರ್ಟು ಹೇಳಬೇಕಾದ ಸರ್ಕಾರ, ಸಂಜೆಯೊಳಗೆ ಹಿತ್ತಾಳೆ ಎಣಿಸಿ ಮುಗಿಸುವ ಸರ್ಕಾರವೇ. ಅದೇ ಪೆನ್ನು, ಅದೇ ರಿಜಿಸ್ಟರು.

ಗೆಳೆಯರೇ, ಅವರು ಬರೆಯಲಿ ಎಂದು ಕಾಯುತ್ತಾ ಕೂತರೆ ನಮ್ಮವರು ಖಾಲಿ ಚಿಪ್ಪಿಗಿಂತ ಕಡೆಯಾಗಿ ಮಣ್ಣು ಸೇರುತ್ತಾರೆ. ಗುಬ್ಬಿಯಲ್ಲಾಗಲಿ ಕುಣಿಗಲ್ಲಿನಲ್ಲಾಗಲಿ, ನಿಮ್ಮ ನಿಮ್ಮ ಹಟ್ಟಿ-ಕೇರಿಗಳಲ್ಲಿ ಒಂದೊಂದು ನೋಟುಬುಕ್ಕು ತೆಗೆಯಿರಿ. ಗುಂಡಿಯಲ್ಲಿ ಸತ್ತವರು, ಜೀತದಲ್ಲಿ ಸತ್ತವರು, ಹೊಡೆತ ತಿಂದು ಸತ್ತವರು, ಯಾರೇ ಆಗಲಿ ಹೆಸರು, ವಯಸ್ಸು, ಊರು, ತಾರೀಖು, ಕೆಲಸಕ್ಕೆ ಕಳಿಸಿದವರು ಯಾರು ಎಂಬುದನ್ನು ಬರೆಯಿರಿ. ಮುದುಕಿಯರನ್ನು ಕೇಳಿ, ಅವರಿಗೆ ಎಲ್ಲಾ ಗೊತ್ತು. ಒಂದು ಹೆಸರು ಕಡಿಮೆ ಬಂದರೂ ಮತ್ತೆ ಸಾಲು ಹಿಡಿದು ಹುಡುಕಿ. ಈ ಹುಡುಕಾಟಕ್ಕೆ ಬೆನ್ನು ಬಾಗಬೇಕಿಲ್ಲ.