ನುಸಿಗುಳಿಗೆ, ಒಡೆದ ಥರ್ಮಾಮೀಟರ್ ಮತ್ತು ಚಂಪಾರಣ್

ಚಂಪಾರಣ್ ಸತ್ಯಾಗ್ರಹದ ಪಾಠ ನಾವೆಲ್ಲ ಶಾಲೆಯಲ್ಲಿ ಓದಿದವರೇ. ಬಿಳಿಯ ತೋಟದ ಮಾಲೀಕರು ರೈತರಿಂದ ಬಲವಂತವಾಗಿ ನೀಲಿ ಬೆಳೆಸುತ್ತಿದ್ದರು, 1917ರಲ್ಲಿ ಗಾಂಧೀಜಿ ಹೋಗಿ ಬಿಡಿಸಿದರು... ಇಷ್ಟು ನೆನಪಿರುತ್ತೆ. ಆದರೆ ಈ ಕಥೆಯ ಅರ್ಧಭಾಗ ನಡೆದದ್ದು ಬಿಹಾರದಲ್ಲಲ್ಲ, ಜರ್ಮನಿಯಲ್ಲಿ. ಅಲ್ಲಿನ ಕಥಾನಾಯಕ ಥ್ಯಾಲಿಕ್ ಆನ್‌ಹೈಡ್ರೈಡ್!

ಹೆಸರು ಕೇಳಿ ಓಡಿಹೋಗಬೇಡಿ ಮಾರಾಯ್ರೆ. ಇದು ಯಾರೂ ಅಂಗಡಿಗೆ ಹೋಗಿ ಕೊಳ್ಳುವ ವಸ್ತುವಲ್ಲ. ಒಂದು ರಾಸಾಯನಿಕದಿಂದ ಇನ್ನೊಂದನ್ನು ಮಾಡುವಾಗ ನಡುವೆ ಬರುವ ಮೆಟ್ಟಿಲು, ಅಷ್ಟೆ. ಬಟ್ಟೆ ಪೆಟ್ಟಿಗೆಯಲ್ಲಿ ಇಡುವ ನುಸಿಗುಳಿಗೆ ಗೊತ್ತಲ್ಲ, ಆ ನ್ಯಾಫ್ತಲೀನ್‌ನಿಂದ ಇದನ್ನು ಮಾಡಬಹುದು. ಇದರಿಂದ ಆಂಥ್ರಾನಿಲಿಕ್ ಆಮ್ಲ, ಅದರಿಂದ ಮುಂದೆ ನೀಲಿ ಬಣ್ಣ.

1883ರ ಹೊತ್ತಿಗೇ ಅಡಾಲ್ಫ್ ಫಾನ್ ಬೇಯರ್ ನೀಲಿಯ ಅಣುರಚನೆ ಬಿಡಿಸಿಟ್ಟಿದ್ದರು. 1890ರಲ್ಲಿ ಕಾರ್ಲ್ ಹಾಯ್ಮನ್ ಅದನ್ನು ತಯಾರಿಸುವ ದಾರಿ ತೋರಿಸಿದರು. ತೊಡಕಿದ್ದದ್ದು ನಡುವಿನ ಮೆಟ್ಟಿಲಿನಲ್ಲಿ. ನ್ಯಾಫ್ತಲೀನನ್ನು ಥ್ಯಾಲಿಕ್ ಆನ್‌ಹೈಡ್ರೈಡ್ ಮಾಡುವ ಖರ್ಚು ವಿಪರೀತ. 1896ರಲ್ಲಿ ಬಿಎಎಸ್ಎಫ್ ಕಂಪನಿಯಲ್ಲಿ ಓಯ್ಗನ್ ಸಾಪರ್ ಅವರ ಪ್ರಯೋಗದ ವೇಳೆ ಥರ್ಮಾಮೀಟರ್ ಒಡೆದು ಪಾದರಸ ಗಂಧಕಾಮ್ಲಕ್ಕೆ ಬಿತ್ತು. ಕ್ರಿಯೆ ಸಲೀಸಾಗಿ ಓಡತೊಡಗಿತು! ಪಾದರಸದ ಲವಣ ವೇಗವರ್ಧಕವಾಗಿತ್ತು. ಮರುವರ್ಷವೇ ಬಿಎಎಸ್ಎಫ್ ನೀಲಿ ಮಾರುಕಟ್ಟೆಗೆ ಬಂತು.

ಆ 1897ರಲ್ಲಿ ಗಿಡದಿಂದ ತೆಗೆದ ನೀಲಿ ಜಗತ್ತಿನಲ್ಲಿ ಸುಮಾರು 19,000 ಟನ್. 1914ಕ್ಕೆ ಅದು ಸುಮಾರು 1,000 ಟನ್ನಿಗೆ ಇಳಿದಿತ್ತು.

ಹಾಗಾದರೆ ಚಂಪಾರಣ್‌ನ ರೈತ ಬಚಾವಾದ ಅಂತೀರಾ? ಅಲ್ಲಿದ್ದದ್ದು ತೀನ್‌ಕಠಿಯಾ ಪದ್ಧತಿ: ಬಿಘಾದ 20 ಕಠಾ ನೆಲದಲ್ಲಿ 3 ಕಠಾ ನೀಲಿಗೆ ಮೀಸಲು. ಬೆಲೆ ಕುಸಿದಾಗ ಮಾಲೀಕರಿಗೂ ನೀಲಿ ಬೇಡವಾಯಿತು. ಆದರೆ ನಷ್ಟ ಹೊರುವವರು ಯಾರು? ಕಾಯಂ ಗುತ್ತಿಗೆಯ ಹಳ್ಳಿಗಳಲ್ಲಿ 'ನೀಲಿಯಿಂದ ಬಿಡುಗಡೆ ಕೊಡ್ತೀವಿ, ಗೇಣಿ ಏರಿಸಿ ಕೊಡಿ' ಅಂದರು. ಇದು ಶರಹಬೇಶಿ. ತಾತ್ಕಾಲಿಕ ಗುತ್ತಿಗೆಯಲ್ಲಿ ಏರಿಸಿದ ಗೇಣಿ ಮುಂದೆ ಬೇತಿಯಾ ಸಂಸ್ಥಾನದ ಪಾಲಾಗುತ್ತದಲ್ಲ, ಅದಕ್ಕೇ ಅಲ್ಲಿ ಒಂದೇ ಸಲಕ್ಕೆ ಇಡಿಗಂಟು ಕಿತ್ತರು. ಇದು ತಾವಾನ್. ಕೈಯಲ್ಲಿ ಕಾಸಿಲ್ಲದವರು ಸಾಲಪತ್ರ ಬರೆದುಕೊಟ್ಟರು. ನೀಲಿ ಬೆಳೆಯೋದಕ್ಕೂ ದಂಡ, ಬೆಳೆಯದೇ ಇರೋದಕ್ಕೂ ದಂಡ!

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು, ಜರ್ಮನ್ ಬಣ್ಣ ನಿಂತುಹೋಯಿತು. ನೀಲಿಗೆ ಮತ್ತೆ ಬೆಲೆ ಬಂದು, ಮಾಲೀಕರು ಮತ್ತೆ ಗಿಡದ ಕಡೆ ತಿರುಗಿದರು. 1916ರ ಲಖನೌ ಕಾಂಗ್ರೆಸ್ಸಿಗೆ ರಾಜಕುಮಾರ ಶುಕ್ಲ ಹೋಗಿ ಗಾಂಧೀಜಿಯ ಬೆನ್ನು ಬಿದ್ದದ್ದು ಇಂಥ ಹೊತ್ತಲ್ಲಿ. ಗಾಂಧೀಜಿ 1917ರ ಏಪ್ರಿಲ್‌ನಲ್ಲಿ ಬಂದು ರೈತರ ಹೇಳಿಕೆಗಳನ್ನು ಬರೆಸಿಕೊಂಡರು. ಸರ್ಕಾರ ನೇಮಿಸಿದ ವಿಚಾರಣಾ ಸಮಿತಿಯಲ್ಲಿ ತಾವೂ ಕೂತರು. 1918ರ ಕಾಯಿದೆ ತೀನ್‌ಕಠಿಯಾವನ್ನು ರದ್ದು ಮಾಡಿತು. ಆದರೆ ತಾವಾನ್ ಹಣದಲ್ಲಿ ರೈತರಿಗೆ ವಾಪಸ್ಸು ಸಿಕ್ಕಿದ್ದು ಕಾಲುಭಾಗ ಮಾತ್ರ. ಮಾಲೀಕರು ತೆಗೆದುಕೊಂಡ ದುಡ್ಡು ವಾಪಸ್ಸು ಕೊಡುವಂತಾದದ್ದೇ ದೊಡ್ಡದು ಅಂತ ಗಾಂಧೀಜಿ ಒಪ್ಪಿದರು.

ಥ್ಯಾಲಿಕ್ ಆನ್‌ಹೈಡ್ರೈಡ್‌ಗೆ ಇವತ್ತೂ ಜಗತ್ತಿನ ತುಂಬ ಬೇಡಿಕೆಯಿದೆ. ಆದರೆ ನೀಲಿಗಲ್ಲ, ಪಿವಿಸಿ ಪ್ಲಾಸ್ಟಿಕ್ ಮೆತ್ತಗಾಗಿಸಲು, ಪೇಂಟಿನ ರಾಳಕ್ಕೆ. ಈಗ ಹೆಚ್ಚಾಗಿ ಅದನ್ನು ಪೆಟ್ರೋಲಿಯಂ ಮೂಲದ ಆರ್ಥೋಕ್ಸೈಲೀನ್‌ನಿಂದ ಮಾಡುತ್ತಾರೆ.

ಹೊಸ ತಂತ್ರಜ್ಞಾನ ಬಂದು ಹಳೆಯದನ್ನು ಓಡಿಸಿತು ಅಂತ ನಮ್ಮ ಕ್ಷೇತ್ರದಲ್ಲಿ ದಿನಾ ಹೇಳ್ತಿರ್ತೀವಿ. ಆ ಓಟದ ಬಿಲ್ಲು ಕೊನೆಗೆ ಯಾರ ಕೈ ಸೇರಿತು ಅಂತ ಕೇಳೋದು ಮಾತ್ರ ಕಡಿಮೆ. ಚಂಪಾರಣ್‌ನಲ್ಲಿ ಕೇಳಿದವನು ಶುಕ್ಲ ಎಂಬ ಒಬ್ಬ ರೈತ. ನೀವೇನಂತೀರಿ?